ಕಬ್ಬಿನ ಹಾಲು ಬೇಡವೆಂದ ಮೂರು ದನಿಗಳು

ಎರಡು ಸಾವಿರದ ಎಂಟರ ಸುಮಾರು. ಮೊಬೈಲಿಗೆ ಮೆಮೊರಿ ಕಾರ್ಡ್ ಬಂದ ಹೊಸತು. ಗೆಳತಿಯ ಅಣ್ಣ ಒಂದು ಚೈನಾ ಸೆಟ್ ತಂದಿದ್ದ. ಅದು ಬಾಯಿ ಬಿಟ್ಟರೆ ಇಡೀ ಓಣಿಗೆ ಕೇಳುತ್ತಿತ್ತು. ಅವನನ್ನು ಕಾಡಿ ಬೇಡಿ ಅದನ್ನು ಇಸಿದುಕೊಂಡು, ಚಿತ್ರದುರ್ಗದ ಕಾಲೇಜಿನಲ್ಲಿ ಕೊನೆಯ ವರ್ಷದ ಬಿ.ಎ. ಓದುತ್ತಿದ್ದ ನಾವು ಮೂವರು ಹುಡುಗಿಯರು ಪೇಟೆಯ ಬದುಕಿನ ಬಗ್ಗೆ ಒಂದು ಕಾರ್ಯಕ್ರಮ ಶುರು ಮಾಡಿದೆವು. ಪಾಡ್‌ಕಾಸ್ಟ್ ಎಂಬ ಪದವನ್ನು ನಾವು ಕೇಳಿಯೇ ಇರಲಿಲ್ಲ. ನಮ್ಮದರ ಹೆಸರು ‘ಬಸ್ಸು ಬರೋವರೆಗೆ’. ಸಂಜೆ ಬಸ್ಸಿಗೆ ಕಾಯುವ ಹೊತ್ತಿನಲ್ಲಿ ಮುಗಿಸುತ್ತಿದ್ದೆವು, ಅದಕ್ಕೇ ಆ ಹೆಸರು.

ಮೊದಲನೆಯದು ಮಂಡಕ್ಕಿ ಮೆಣಸಿನಕಾಯಿ ಗಾಡಿಯದು. ಕಾದ ಎಣ್ಣೆಗೆ ಮೆಣಸಿನಕಾಯಿ ಬಿಟ್ಟ ಚುಂಯ್ ಸದ್ದು ಫೋನಿನಲ್ಲಿ ಹಾಗೇ ಬಂದಾಗ ರಸ್ತೆಯಲ್ಲೇ ಕುಣಿದುಬಿಟ್ಟೆವು. ಎರಡನೆಯದು ಆಟೋದವರ ಜಗಳ. ಕತ್ತರಿಸಿ ಜೋಡಿಸುವ ವಿದ್ಯೆ ನಮಗೆ ಗೊತ್ತಿರಲಿಲ್ಲ. ಬೈಗುಳ ಬಂದಾಗಲೆಲ್ಲ ನಾನು ಫೋನಿನ ಹತ್ತಿರ ಜೋರಾಗಿ ಕೆಮ್ಮುತ್ತಿದ್ದೆ. ಹೊಳಲ್ಕೆರೆಯಲ್ಲಿ ಕಾರ್ಡಿಗೆ ಹಾಡು ತುಂಬಿಸಿಕೊಡುವ ಅಂಗಡಿಯವನಿಗೆ ಕೇಳಿಸಿದೆವು. ಬಿದ್ದು ಬಿದ್ದು ನಕ್ಕ. “ಬಂದೋರಿಗೆಲ್ಲ ಹಾಡಿನ ಜತಿಗೆ ಇದನ್ನೂ ಹಾಕ್ಕೊಡ್ತೀನಿ ಬಿಡ್ರವ್ವ” ಅಂದ. ವಾರದೊಳಗೆ ಗುರುತು ಪರಿಚಯವಿಲ್ಲದವರ ಜೇಬಿನಿಂದ ನನ್ನ ಕೆಮ್ಮು ಕೇಳಿಬರತೊಡಗಿತು. ನನ್ನ ಕಾಲು ನೆಲದ ಮೇಲಿರಲಿಲ್ಲ.

ಭಯವೂ ಇತ್ತು. ನಮ್ಮಪ್ಪ ಹೊಸದುರ್ಗದಿಂದ ಹೊಳಲ್ಕೆರೆ ಮೇಲೆ ದುರ್ಗಕ್ಕೆ ಹೋಗುವ ಖಾಸಗಿ ಬಸ್ಸಿನ ಕಂಡಕ್ಟರ್. ನಾನು ಓಡಾಡುತ್ತಿದ್ದುದೂ ಅದೇ ಬಸ್ಸಿನಲ್ಲಿ. ಯಾರದೋ ಮೊಬೈಲಿನಲ್ಲಿ ಫೋಟೊ ಇತ್ತೆಂದು ನಮ್ಮ ಬೀದಿಯ ಒಬ್ಬಳನ್ನು ಕಾಲೇಜು ಬಿಡಿಸಿದ್ದರು. ಮಗಳ ದನಿ ಊರೂರು ಸುತ್ತುತ್ತಿರುವುದು ಅಪ್ಪನಿಗೆ ತಿಳಿದರೆ ನನ್ನ ಗತಿಯೂ ಅಷ್ಟೇ ಅಂದುಕೊಂಡಿದ್ದೆ. ಅದಕ್ಕೇ ನಮ್ಮ ಹೆಸರು ಎಲ್ಲೂ ಹೇಳುತ್ತಿರಲಿಲ್ಲ.

ಮೂರನೆಯದಕ್ಕೆ ಕಬ್ಬಿನ ಹಾಲಿನವನ ಹತ್ತಿರ ಹೋದೆವು. ಗಾಣದ ಗೆಜ್ಜೆ, ಐಸು ಒಡೆಯುವ ಸದ್ದು, ಎಲ್ಲ ಸೊಗಸಾಗಿ ಬಂತು. ಗೆಳತಿಯ ಮನೆಯಲ್ಲಿ ಮೂವರೂ ಕೂತು ಕೇಳುವಾಗ ನಡುವೆ ಅವನ ಮಾತು: “ಬಿಸ್ಲಾಗ್ ಬಂದೀರಿ, ಒಂದೊಂದ್ ಲೋಟ ಕುಡೀರಿ, ಪುಕ್ಕಟೆ ಕೊಡ್ತೀನಿ.” ತಕ್ಷಣ ನಮ್ಮ ಮೂರೂ ದನಿಗಳು ಒಟ್ಟಿಗೆ: “ಬ್ಯಾಡ!”

ಮೊದಲು ನಕ್ಕೆವು. ಆಮೇಲೆ ಗೆಳತಿ, “ಲೇ, ಬಾಯಿ ಒಣಗಿತ್ತು ಕಣೇ, ನಾನ್ಯಾಕೆ ಬ್ಯಾಡ ಅಂದೆ?” ಅಂದಳು. ಯಾಕೆಂದು ಮೂವರಿಗೂ ಗೊತ್ತಿತ್ತು. ಕುಡಿದರೆ ಎಲ್ಲಿಗೆ ಹೋಗುವುದು? ಆಗ ದಾರಿಯುದ್ದಕ್ಕೂ ಗಂಡಸರಿಗೆ ಗೋಡೆ ಇತ್ತು, ಮರ ಇತ್ತು, ಇಡೀ ಬಯಲೇ ಇತ್ತು. ಹೆಂಗಸರಿಗೆ ಮಾತ್ರ ಎಲ್ಲೂ ಒಂದು ಮರೆ ಇರಲಿಲ್ಲ, ಎಲ್ಲ ಊರಿನ ಹಣೆಬರಹವೂ ಒಂದೇ. ಬೆಳಿಗ್ಗೆ ಏಳರಿಂದ ಸಂಜೆ ಏಳರವರೆಗೆ ನಾವು ನೀರು ಮುಟ್ಟುತ್ತಿರಲಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. ಮರುದಿನ ಗಾಣದ ಪಕ್ಕದಲ್ಲೇ ಹೊಸದಾಗಿ ರೆಕಾರ್ಡ್ ಶುರುಮಾಡಿ ಹೂವು ಮಾರುವ ಅಜ್ಜಿಯನ್ನು, ಸಹಪಾಠಿಗಳನ್ನು ಮಾತಾಡಿಸಿದೆವು. ಎಲ್ಲರೂ ಮೊದಲು ಬಾಯಿಗೆ ಸೆರಗೋ ದುಪಟ್ಟಾವೋ ಅಡ್ಡ ಹಿಡಿದರು, ಆಮೇಲೆ ನಿಲ್ಲಿಸಲೇ ಇಲ್ಲ. ಕೊನೆಗೆ ನಾನೇ ಹೇಳಿದೆ: “ಉಚ್ಚೆಗೆ ಹೆದ್ರಿ ನಾವು ನೀರು ಕುಡಿಯಲ್ಲ.” ಆ ಪದ ಬಾಯಿಂದ ಹೊರಬಿದ್ದೊಡನೆ ಹಿಂದೆ ಮುಂದೆ ತಿರುಗಿ ನೋಡಿದೆ. ಅಳಿಸಲು ಮಾತ್ರ ಮನಸ್ಸು ಬರಲಿಲ್ಲ.

ಅದು ಕಾಳ್ಗಿಚ್ಚಿನಂತೆ ಹಬ್ಬಿತು. ಮೂರನೆಯ ದಿನ ಸಂಜೆ ಅಪ್ಪನ ಬಸ್ಸಿನಲ್ಲಿ ಕೂತಿದ್ದೆ. ಹಾಡು ಮುಗಿಯುತ್ತಿದ್ದಂತೆ ಡ್ರೈವರಣ್ಣನ ಸ್ಪೀಕರಿನಲ್ಲಿ ಗಾಣದ ಗೆಜ್ಜೆ ಕೇಳಿಸಿತು. ಅವನ ಕಾರ್ಡಿಗೂ ಸೇರಿಬಿಟ್ಟಿದೆ! ನಾನು ಸೀಟಿನೊಳಗೆ ಇಳಿದುಹೋದೆ. ಟಿಕೆಟ್ ಹರಿಯುತ್ತಿದ್ದ ಅಪ್ಪ ನನ್ನ ದನಿ ಬಂದೊಡನೆ ನಿಂತುಬಿಟ್ಟರು. ಆ ಪದವೂ ಬಂತು. ಮುಂದೆ ಕೂತಿದ್ದವರೊಬ್ಬರು, “ಥೂ, ಏನ್ ಅಸಹ್ಯ, ಆಫ್ ಮಾಡ್ರಿ” ಅಂದರು.

“ಇರ್ಲಿ ಬಿಡ್ರಿ, ಪೂರ್ತಿ ಆಗ್ಲಿ” ಅಂದರು ಅಪ್ಪ. ನನ್ನ ಕಡೆ ತಿರುಗಲಿಲ್ಲ.

ಮನೆಯಲ್ಲಿ ಕೈಕಾಲು ತೊಳೆದು ಕೂತು ಕೇಳಿದರು. “ಮೂರು ವರ್ಷದಿಂದ ಹಿಂಗೇನವ್ವ?”

“ಹೂಂ.”

“ನಮ್ ಬಸ್ಸಾಗೂ?”

“ಹೂಂ ಅಪ್ಪ.”

ಬೈಯಲಿಲ್ಲ, ಹೊಡೆಯಲಿಲ್ಲ. ಊಟದ ತಟ್ಟೆಯನ್ನು ಹಾಗೇ ಸರಿಸಿ ಎದ್ದರು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಮರುದಿನ ಕಾಲೇಜಿಗೆ ಬೇಡ ಎನ್ನಬಹುದೆಂದು ಕಾದೆ. ಅನ್ನಲಿಲ್ಲ. ಬಸ್ಸು ಹೊಳಲ್ಕೆರೆಯಲ್ಲಿ ಎಂದಿನಂತೆ ಟೀಗೆ ನಿಂತಿತು. ಅಪ್ಪ ಇಳಿದು ಟೀ ಅಂಗಡಿಯವರ ಹತ್ತಿರ ಏನೋ ಮಾತಾಡಿ ಬಂದು, ಬಾಗಿಲಲ್ಲಿ ನಿಂತು ಊರಿನ ಹೆಸರು ಕೂಗುವ ಅದೇ ದನಿಯಲ್ಲಿ ಕೂಗಿದರು: “ಹೆಣ್ಮಕ್ಳು ಇಳಿಯೋರಿದ್ರೆ ಇಳೀರಿ! ಇವ್ರ ಮನಿ ಹಿಂದೆ ಪಾಯಿಖಾನೆ ಐತೆ, ಕೇಳೀನಿ. ಬಸ್ಸು ಕಾಯ್ತೈತೆ.”

ಒಬ್ಬರೂ ಅಲುಗಲಿಲ್ಲ. ಎಲ್ಲರೂ ಕಿಟಕಿಯಾಚೆ ನೋಡತೊಡಗಿದರು. ಅಪ್ಪನ ಕಿವಿ ಕೆಂಪಾಯಿತು, ಆದರೂ ಬಾಗಿಲು ಬಿಟ್ಟು ಕದಲಲಿಲ್ಲ. ಮೊಬೈಲಿನಲ್ಲಿ ಹೆಸರಿಲ್ಲದೆ ಮಾತಾಡುವುದು ಬೇರೆ. ಇಷ್ಟು ಗಂಡಸರ ಮುಂದೆ ಎದ್ದು ನಿಲ್ಲುವುದು ಬೇರೆ. ಎದ್ದೆ. ಅಪ್ಪ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಮೆಟ್ಟಿಲು ಇಳಿಯುವಷ್ಟರಲ್ಲಿ ಹಿಂದೆ ಬಳೆಗಳ ಸದ್ದು. ಹಿಂದಿನ ಸೀಟಿನ ಮುದುಕಿಯೊಬ್ಬಳು ನನ್ನ ಭುಜ ಹಿಡಿದು ಇಳಿಯುತ್ತಾ ಅಂದಳು: “ಯಾರಾರ ಒಬ್ರು ಏಳ್ಲಿ ಅಂತ ಕುಂತಿದ್ನವ್ವ.”