ಕಸಿಯಾತಿ ಅಕ್ಕನ ಕೈಗೆ ಒಗ್ಗುವ ರ‍್ಯಾಕೆಟ್

ನಮ್ಮ ಓಣಿಯಲ್ಲಿ ಹಟಕ್ಕೆ ಇನ್ನೊಂದು ಹೆಸರು ಕಸಿಯಾತಿ ಅಕ್ಕ. ಬೇಯಿಸಿದ ಸೋಯಾ ಕಾಳನ್ನು ಬಾಳೆಲೆಯಲ್ಲಿ ಬಿಗಿಯಾಗಿ ಕಟ್ಟಿ ಹುದುಗಿಸಿ, ಟೆಂಪೆ ಮಾಡಿ ಮಾರುವುದು ಅವಳ ಕಸುಬು. ಸಂಜೆ ಓಣಿಯ ಸಮುದಾಯ ಭವನದ ಕೋರ್ಟಿನಲ್ಲಿ ನನ್ನ ಜೊತೆ ಬ್ಯಾಡ್ಮಿಂಟನ್ ಡಬಲ್ಸ್ ಆಡುವುದು ಅವಳ ಪ್ರಾಣ. ಅವಳು ಹಿಂದಿನಿಂದ ನೆಗೆದು ಸ್ಮ್ಯಾಶ್ ಹೊಡೆದರೆ ಅರ್ಧ ಕ್ಲಾಟೆನ್ ಪೇಟೆಗೆ ಕೇಳಿಸುತ್ತದೆ ಎಂದು ಅವಳ ಗಂಡ ಬೀಗುತ್ತಿದ್ದ. ಈ ವರ್ಷ ಅವಳ ಬಲಭುಜ ಹಿಡಿದುಕೊಂಡಿತು.

ಆಗಸ್ಟಿನ ಸ್ವಾತಂತ್ರ್ಯೋತ್ಸವಕ್ಕೆ ನಮಗೂ ಕಾಲುವೆಯಾಚೆಯ ಓಣಿಯವರಿಗೂ ಪಂದ್ಯ ಇದ್ದದ್ದೇ. ಅಲ್ಲಿಯ ತುಮಿನಾ ನಮ್ಮನ್ನು ಸೋಲಿಸುವುದನ್ನೇ ಹಬ್ಬ ಅಂದುಕೊಂಡಿದ್ದಾಳೆ. ಅಕ್ಕನ ಜಾಗಕ್ಕೆ ಹೊಸದಾಗಿ ಮದುವೆಯಾಗಿ ಬಂದ ಹುಡುಗಿಯೊಬ್ಬಳನ್ನು ಹಾಕೋಣವೆಂದು ನಮ್ಮ ಓಣಿಯ ಹಿರಿಯರು ಗುಸುಗುಸು ಶುರು ಮಾಡಿದರು. ಅದು ಅಕ್ಕನ ಕಿವಿಗೂ ಬಿತ್ತು.

"ಭುಜ ಹೋಗಿದೆ, ಆಟ ಹೋಗಿಲ್ಲ ಲಸ್ತ್ರಿ," ಎಂದು ನನ್ನತ್ತ ತಿರುಗಿ ಅಂದಳು. "ಈ ಭುಜಕ್ಕೆ ಒಗ್ಗೋ ರ‍್ಯಾಕೆಟ್ ಎಲ್ಲೋ ಇದ್ದೇ ಇರುತ್ತೆ. ಆಗಸ್ಟ್‌ನೊಳಗೆ ಸಿಗದಿದ್ರೆ ನಾನೇ ಬದಿಗೆ ಕೂರ್ತೀನಿ."

ಮನೆಮನೆಗೆ ಹೋಗಿ ಕೇಳಿ ತಂದಳು. ಒಂದರ ತಲೆ ಭಾರ, ನಾಲ್ಕು ಏಟಿಗೆ ಭುಜ ಉರಿಯಿತು. ಇನ್ನೊಂದರ ಹಿಡಿ ದಪ್ಪ, ಮತ್ತೊಂದರ ತಂತಿ ಬಿಗಿ. ನಮ್ಮಲ್ಲಿ ಎರವಲು ತಂದ ಪಾತ್ರೆಯನ್ನು ಖಾಲಿ ಹಿಂದಿರುಗಿಸುವ ಪದ್ಧತಿಯಿಲ್ಲ. ಅಕ್ಕ ಆ ನಿಯಮವನ್ನು ರ‍್ಯಾಕೆಟ್ಟಿಗೂ ಅನ್ವಯಿಸಿ, ಒಂದೊಂದರ ಜೊತೆ ಒಂದೊಂದು ಟೆಂಪೆ ಕಟ್ಟು ಕಳಿಸಿದಳು. ಅಲ್ಲಿಗೆ ಕೆಟ್ಟಿತು ಕೆಲಸ. ಕೇಳದವರೂ ರ‍್ಯಾಕೆಟ್ ಹಿಡಿದು ಅವಳ ಬಾಗಿಲಿಗೆ ಬರತೊಡಗಿದರು. ಒಬ್ಬ ಮಹಾರಾಯ ತಂತಿ ಹರಿದದ್ದನ್ನೇ ತಂದ. ಬಂದವರೆಲ್ಲ ತಮ್ಮದರಲ್ಲಿ ಅಕ್ಕನ ಆಟ ಕಳೆಗಟ್ಟಿತು ಎಂದು ಹೊಗಳಿದರು. ನಮ್ಮ ಜನ ಮೊದಲೇ ಮುಖ ಮುರಿದು ಮಾತಾಡುವವರಲ್ಲ, ಟೆಂಪೆ ತಿಂದ ಮೇಲಂತೂ ಕೇಳುವುದೇ ಬೇಡ.

"ಇವರು ಹೊಗಳ್ತಿರೋದು ನನ್ನ ಟೆಂಪೆನ," ಅಂದಳು ಅಕ್ಕ. "ನಿಜ ಬೇಕಂದ್ರೆ ನಾನು ಸೋಲಲಿ ಅನ್ನೋಳ ಹತ್ರಾನೇ ಹೋಗ್ಬೇಕು."

ಉಳಿದ ರ‍್ಯಾಕೆಟ್ಟುಗಳನ್ನು ಹಳೆಯ ಲುಂಗಿಯಲ್ಲಿ ಗಂಟು ಕಟ್ಟಿ, ನನ್ನನ್ನೂ ಎಳೆದುಕೊಂಡು, ಸೈಕಲ್ಲಿನಲ್ಲಿ ಕಾಲುವೆ ದಾಟಿದಳು. ತುಮಿನಾ ಸಕ್ಕರೆ ಸುರಿದ ಚಹಾ ಕೊಟ್ಟು, ಗಂಟನ್ನು ನೋಡಿ ನಕ್ಕಳು.

"ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಲಂತೆ. ಬಾ ಅಕ್ಕ, ಆಡೋಣ."

ಅವಳೂ ಅವಳ ಜೊತೆಗಾತಿಯೂ ಆಚೆ ನಿಂತರು. ಅಕ್ಕ ಮೊದಲು ಹಳ್ಳಿಯ ಮುಖ್ಯಸ್ಥನ ಹೆಂಡತಿಯ ದುಬಾರಿ ರ‍್ಯಾಕೆಟ್ ಎತ್ತಿಕೊಂಡಳು. ಸದ್ದು ಭರ್ಜರಿ, ಶಟಲ್ ಮಾತ್ರ ನೆಟ್ಟಿಗೆ. ಬಹಳ ಚೆನ್ನಾಗಿದೆ, ಇದನ್ನೇ ಇಟ್ಟುಕೋ ಎಂದಳು ತುಮಿನಾ. ಎರಡನೆಯದಕ್ಕೂ ಅದೇ ಮಾತು, ಮೂರನೆಯದಕ್ಕೂ ಅದೇ. ಅಕ್ಕನ ಮುಖ ನೋವಿಗೆ ಬಿಳಿಚಿತ್ತು. ಸಾಕು ನಡಿ ಅಂದೆ. ಅವಳು ಕೇಳಿಸಿಕೊಳ್ಳಲೇ ಇಲ್ಲ.

ಕೊನೆಗೆ ಉಳಿದದ್ದು ಸೈಕಲ್ ರಿಪೇರಿಯ ಮಾರ್ಗಿಯೊನೊನದು. ಬಣ್ಣ ಕಿತ್ತುಹೋಗಿತ್ತು, ಹಿಡಿ ಗ್ರೀಸಿನಿಂದ ಕಪ್ಪಾಗಿತ್ತು, ತಲೆ ಹಗುರ. ಹೊಡೆದರೆ ಸದ್ದೇ ಇಲ್ಲ. ಅದರಲ್ಲಿ ಹಿಂದಿನಿಂದ ಸ್ಮ್ಯಾಶ್ ಸಾಗದೆ ಅಕ್ಕ ನೆಟ್ಟಿನ ಹತ್ತಿರ ಬಂದು ನನ್ನನ್ನು ಹಿಂದಕ್ಕೆ ಅಟ್ಟಿದಳು. ಕೈ ಎತ್ತುವ ಗೋಜಿಗೇ ಹೋಗದೆ, ಬಾಳೆಲೆ ಮಡಿಸುವಾಗ ತಿರುಗುವ ಹಾಗೆ ಮಣಿಕಟ್ಟು ತಿರುಗಿಸಿದಳು. ಶಟಲ್ ತುಮಿನಾಳ ಸೊಂಟಕ್ಕೆ, ಮತ್ತೆ ಸೊಂಟಕ್ಕೆ, ಆಮೇಲೆ ಕಾಲಬುಡಕ್ಕೆ. ಎತ್ತರದ ಆಳು ತುಮಿನಾ ಬಾಗಲಾರದೆ ತಡವರಿಸಿದಳು. ಬೆವರು ಒರೆಸಿಕೊಂಡು ನೆಟ್ಟಿನ ಬಳಿ ಬಂದು, ಎಂದೂ ಇಲ್ಲದ ಅಕ್ಕರೆಯಿಂದ ಹೇಳಿದಳು:

"ಇದೊಂದು ಮಾತ್ರ ನಿಂಗೆ ಒಗ್ಗಲ್ಲ ಅಕ್ಕ. ಸದ್ದೇ ಇಲ್ಲ ನೋಡು. ವಾಪಸ್ ಕೊಟ್ಬಿಡು."

"ಹಾಗಂತೀಯಾ?" ಅಂದಳು ಅಕ್ಕ, ತಲೆಯಾಡಿಸುತ್ತ ಗಂಟು ಕಟ್ಟಿದಳು. ಕಾಲುವೆಯ ಸೇತುವೆ ಮೇಲೆ ಸೈಕಲ್ ನಿಲ್ಲಿಸಿ, ಭುಜ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನನಗೂ ಎದೆ ಹಗುರಾಯಿತು. ಅಷ್ಟು ದಿನ ಅವಳಿಲ್ಲದ ಕೋರ್ಟನ್ನು ನೆನೆದು ನಾನು ಒಳಗೊಳಗೇ ಅಳುತ್ತಿದ್ದೆ.

ಸಂಜೆಯೇ ತನ್ನ ಹಳೆಯ ರ‍್ಯಾಕೆಟ್ಟನ್ನು ಮಾರ್ಗಿಯೊನೊನಿಗೆ ಕೊಟ್ಟು ಅವನದನ್ನು ಇಟ್ಟುಕೊಂಡಳು. ಬೆಳಗ್ಗೆ ಎಲ್ಲಕ್ಕಿಂತ ದಪ್ಪನೆಯ ಟೆಂಪೆ ಕಟ್ಟನ್ನು ಬುಟ್ಟಿಯಲ್ಲಿಟ್ಟು ನನ್ನ ಕೈಲಿ ತುಮಿನಾಳಿಗೆ ಕಳಿಸಿದಳು.

"ನಾನ್ಯಾವ ರ‍್ಯಾಕೆಟ್ಟೂ ಕೊಟ್ಟಿಲ್ವಲ್ಲ," ಅಂದಳು ತುಮಿನಾ. ನಾನು ಬುಟ್ಟಿಯನ್ನು ಇನ್ನಷ್ಟು ಮುಂದೆ ಚಾಚಿದೆ. ಅವಳು ಕಟ್ಟನ್ನು ನೋಡಿದಳು, ನನ್ನನ್ನು ನೋಡಿದಳು, ನಾಲಿಗೆ ಕಚ್ಚಿಕೊಂಡಳು. ಆಮೇಲೆ ಒಳಗೆ ಹೋಗಿ ಬಂದಳು. ಬುಟ್ಟಿ ಖಾಲಿ ಹೋಗಬಾರದಲ್ಲ, ಅದರಲ್ಲಿ ನೋವಿನೆಣ್ಣೆಯ ಶೀಶೆಯೊಂದಿತ್ತು.

"ದಿನಾ ಹಚ್ಕೊಳ್ಳೋಕೆ ಹೇಳು," ಅಂದಳು. "ಆಗಸ್ಟಲ್ಲಿ ಸೋತ್ಮೇಲೆ ಭುಜದ ನೆಪ ಹೇಳೋ ಹಾಗಿಲ್ಲ."