ಸಾಯಣ್ಣನ ಎಡಗೈ

ಮಕ್ತಲ್ ಬಸ್ ಸ್ಟ್ಯಾಂಡಿನ ಎದುರು ಸಾಯಣ್ಣ ಮೂವತ್ತು ವರ್ಷ ಪಂಕ್ಚರ್ ಹಾಕಿದ. ಟ್ಯೂಬನ್ನು ಬೈಯದೆ ಅವನು ಗಾಳಿ ತುಂಬಿದ್ದಿಲ್ಲ. ಎಡಗೈ ಸೊಂಟಕ್ಕೆ, ಬಲಗೈಯಲ್ಲಿ ಟ್ಯೂಬು. "ಅಳಿಯಾ, ನಿನ್ನೆ ಹೊಟ್ಟಿ ತುಂಬ ಉಣಿಸಿ ಕಳಿಸೀನಿ. ಇವತ್ತು ಮತ್ತ ಸೊರಗಿ ಬಂದಿಯಲ್ಲೋ." ಪಂಕ್ಚರ್ ಆಗದವರೂ ಬಂದು ನಿಲ್ಲುತ್ತಿದ್ದರು.

ಹಾಗೆ ನಿಂತು ನಕ್ಕವರಲ್ಲಿ ಅದೇ ಓಣಿಯ ಸುರೇಂದರ್ ಒಬ್ಬ. ಹೈದರಾಬಾದಿಗೆ ಹೋಗಿ ತೆಲುಗು ಸಿನಿಮಾದಲ್ಲಿ ದೊಡ್ಡ ಹಾಸ್ಯನಟನಾದ. ಅವನಿಗೆ ಹೆಸರು ತಂದದ್ದು ಟ್ಯೂಬು ಬೈಯುವ ಆಟವೇ. ಸಾಯಣ್ಣನಿಗೆ ಸಿಟ್ಟು ಬರಲಿಲ್ಲ. ತಕರಾರು ಬೇರೆ ಇತ್ತು.

"ಬಲಗೈ ಸೊಂಟಕ್ಕಿಡ್ತಾನ. ಟ್ಯೂಬ್ ಏನು ಅವರಪ್ಪ ಹಿಡ್ಕಂತಾನ?"

ಪ್ರತಿ ಸಿನಿಮಾ ನೋಡಿ ಬಂದು ಹೆಂಡತಿ ಮೈಲಮ್ಮನಿಗೆ ಇದನ್ನೇ ಹೇಳುತ್ತಿದ್ದ. ಸಾಯುವ ಹಿಂದಿನ ದಿನವೂ ಹೇಳಿದ.

ಮೂರನೆಯ ದಿನ ಮಣ್ಣು ಮಾಡಿದ ಜಾಗದಲ್ಲಿ ಎಲೆ ಇಟ್ಟರು. ಅನ್ನ, ಮಟನ್, ಮೊಟ್ಟೆ, ಒಂದು ಸೀಸೆ ಸೇಂದಿ, ಒಂದು ಬೀಡಿ. ಕಾಗೆ ಮುಟ್ಟಿದರೆ ಸತ್ತವನಿಗೆ ತೃಪ್ತಿ. ಮುಟ್ಟುವ ತನಕ ಉಳಿದವರು ಉಣ್ಣುವಂತಿಲ್ಲ. ಕಾಗೆ ಬೇವಿನ ಮರದಲ್ಲಿ ಕೂತು ನೋಡಿತು. ಇಳಿಯಲಿಲ್ಲ.

ಸಾಯಣ್ಣನ ತಮ್ಮ ಬೀರಲಿಂಗಪ್ಪನಿಗೆ ಹಸಿವು. ಕೈ ಮುಗಿದ. "ಅಣ್ಣಾ, ಅಂಗಡಿ ನಾ ನಡಸ್ತೀನಿ."

ಕಾಗೆ ಮುಖ ತಿರುಗಿಸಿತು.

"ಸೇಂದಿ ಬಿಡ್ತೀನಿ."

ಕಾಗೆ ಕೊಂಬೆಗೆ ಕೊಕ್ಕು ಒರೆಸಿತು.

"ಅಂವ ನಂಬಂಗಿಲ್ಲ" ಎಂದಳು ಮೈಲಮ್ಮ. ಅವಳಿಗೆ ಹಸಿವಿರಲಿಲ್ಲ. ಗಂಡ ಏನೋ ಆಸೆ ಉಳಿಸಿಕೊಂಡು ಹೋದನೆಂಬುದೇ ಚಿಂತೆ.

ಆಗ ಸುರೇಂದರ್ ಕಾರಿನಿಂದ ಇಳಿದ. ಕಪ್ಪು ಕನ್ನಡಕ, ಅದರ ಕೆಳಗೆ ನೀರು.

"ಚಿಗವ್ವಾ, ಸುದ್ದಿ ತಡಾಗಿ ತಿಳೀತು."

"ಅದಿರ್ಲಿ. ಟ್ಯೂಬ್ ಬೈ."

"ಇಲ್ಲೇನು? ಕಾಕಾನ ಮಣ್ಣಿನ ಮುಂದ?"

"ಇಲ್ಲೇ. ಮಂದಿ ಹಸದಾರ."

ಟ್ಯೂಬು ಇರಲಿಲ್ಲ. ಬೀರಲಿಂಗಪ್ಪನ ರುಮಾಲು ಹಿಡಿದು ಬೈದ. ಬಲಗೈ ಸೊಂಟದಲ್ಲಿತ್ತು. ಕಾಗೆ ಇನ್ನೂ ಎತ್ತರದ ಕೊಂಬೆಗೆ ಹೋಯಿತು.

"ಎಡಗೈ" ಎಂದಳು ಮೈಲಮ್ಮ. "ಅದನ್ನ ಹೇಳ್ಕೋಂತನ ಸತ್ತ."

ಸುರೇಂದರ್ ಕೈ ಬದಲಿಸಿದ. "ಅಳಿಯಾ, ನಿನ್ನೆ ಹೊಟ್ಟಿ ತುಂಬ..." ಅದೇ ನಿಲುವು, ಅದೇ ಸೊಟ್ಟ ಸೊಂಟ. ನಗು ತಡೆಯಲಾರದೆ ಬೀರಲಿಂಗಪ್ಪ ಧೋತ್ರದ ಚುಂಗು ಬಾಯಿಗೆ ತುರುಕಿಕೊಂಡ. ಕಾಗೆ ಸರ್ರನೆ ಇಳಿದು ಮೊಟ್ಟೆಗೆ ಬಾಯಿ ಹಾಕಿತು.

"ಅಂವನೂ ಮೊದಲು ಮೊಟ್ಟಿಗೇ ಬೀಳ್ತಿದ್ದ" ಎಂದಳು ಮೈಲಮ್ಮ. ಸೆರಗಿನಿಂದ ಕಣ್ಣೊರೆಸಿಕೊಂಡು ಉಳಿದವರಿಗೆ ಎಲೆ ಹಾಕಲು ಎದ್ದಳು.

ಸುರೇಂದರ್ ಹಾಗೇ ನಿಂತಿದ್ದ. "ಕೈ ಇಳಸ್ಲೇನು, ಚಿಗವ್ವಾ?"

"ಅದು ಉಂಡು ಮುಗಸ್ಲಿ."