ಬಗ್ಗಿಸಿ ನೋಡದ ಅಂಬು

ಕಳೆದ ವಾರ ಶಾಲೆಯೊಂದರ ಟೀಚರಮ್ಮ ಬಂದು ಕೋಲಾಟದ ಕೋಲುಗಳ ಕಟ್ಟೊಂದನ್ನು ನನ್ನ ಲೇತಿನ ಪಕ್ಕ ಇಟ್ಟರು. ನಾನೇ ಕಡೆದು ಅರಗಿನ ಬಣ್ಣ ಹಚ್ಚಿ ಕೊಟ್ಟಿದ್ದ ಕೋಲುಗಳು. "ಬಣ್ಣ ಬಿರುಕು ಬಿಟ್ಟಿದೆ ನೋಡಿ ಸಾರ್" ಎಂದರು. ಚನ್ನಪಟ್ಟಣದಲ್ಲಿ ಮೂವತ್ತು ವರ್ಷದಿಂದ ಬೊಂಬೆ ಕಡೆಯುತ್ತಿರುವವನಿಗೆ ಗಿರಾಕಿಗಳ ದೂರು ಹೊಸದೇನಲ್ಲ. ಬೇರೆ ದಿನವಾಗಿದ್ದರೆ ಮಕ್ಕಳು ಕೋಲಾಟ ಆಡಿದರೋ ಹೊಡೆದಾಟ ಆಡಿದರೋ ಎಂದು ನಗಿಸಿ ಸಾಗಹಾಕುತ್ತಿದ್ದೆ. ಅವತ್ತು ಯಾಕೋ ಒಂದು ಕೋಲನ್ನು ಎತ್ತಿಕೊಂಡು, ಎರಡೂ ತುದಿ ಹಿಡಿದು, ನಡುವೆ ಹೆಬ್ಬೆರಳಿಟ್ಟು ಒತ್ತಿದೆ. ಕೆಂಪು ಅರಗಿನ ಮೇಲೆ ಕೂದಲೆಳೆಯಷ್ಟು ಗೆರೆಯೊಂದು ಬಾಯಿ ತೆರೆದು, ಬಿಟ್ಟೊಡನೆ ಮುಚ್ಚಿಕೊಂಡಿತು. ಟೀಚರಮ್ಮ ಏನೋ ಹೇಳುತ್ತಲೇ ಇದ್ದರು, ನನಗೆ ಕೇಳಿಸಲಿಲ್ಲ.

ಹಾಗೆ ಒತ್ತಿ ನೋಡುವುದನ್ನು ನನಗೆ ತೋರಿಸಿಕೊಟ್ಟವರು ನನ್ನ ಸೋದರಮಾವ ಬೀರಪ್ಪ. ಮಾಗಡಿಯಿಂದ ಸೋಲೂರಿಗೆ ಹೋಗುವ ಬಸ್ಸಿನಲ್ಲಿ ಅರ್ಧ ದಾರಿಗೆ ಇಳಿದು ಎರಡು ಮೈಲಿ ಒಳಗೆ ನಡೆದರೆ ಅವರ ಊರು. ಒಂದಿಷ್ಟು ರಾಗಿ ಹೊಲ, ಒಂದು ಮಂದೆ ಕುರಿ, ಮತ್ತು ನನ್ನ ತಾತನ ಬೇಟೆ ಬಿಲ್ಲು, ಇಷ್ಟು ಅವರ ಆಸ್ತಿ. ತಾತ ಆ ಬಿಲ್ಲಿನಿಂದ ಹಂದಿ ಹೊಡೆದಿದ್ದನಂತೆ. ಮಾವನ ಕಾಲಕ್ಕೆ ಬೇಟೆ ನಿಂತುಹೋಗಿ, ಬಿಲ್ಲಿಗೆ ವರ್ಷಕ್ಕೊಂದೇ ಕೆಲಸ ಉಳಿದಿತ್ತು. ವಿಜಯದಶಮಿಯ ಸಂಜೆ ಬನ್ನಿಮರದ ಮುಂದೆ ನೆಟ್ಟ ಬಾಳೆಕಂಬಕ್ಕೆ ಮೊದಲ ಅಂಬು ಬಿಡುವ ಹಕ್ಕು ಆ ಮನೆಯದು. ಅಂಬು ನಾಟುವ ತನಕ ಊರಿನಲ್ಲಿ ಯಾರೂ ಬನ್ನಿ ಸೊಪ್ಪು ಮುಟ್ಟುವಂತಿಲ್ಲ.

ಅಂಬು ಬಿಡುವುದು ವರ್ಷಕ್ಕೊಂದು ದಿನವಾದರೂ ಅದಕ್ಕಾಗಿ ಮಾವ ಪಡುತ್ತಿದ್ದ ಪಾಡು ವರ್ಷಪೂರ್ತಿ. ಸಣ್ಣ ಗಟ್ಟಿಬಿದಿರಿನ ಕಡ್ಡಿಗಳನ್ನು ಕಡಿದು ತಂದು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸುವರು, ಕೆಂಡಕ್ಕೆ ಹಿಡಿದು ನೇರ ಮಾಡುವರು. ಆಮೇಲೆ ಬಿಲ್ಲನ್ನು ಎದುರಿಗಿಟ್ಟುಕೊಂಡು ಒಂದೊಂದೇ ಕಡ್ಡಿಯನ್ನು ಹೆಬ್ಬೆರಳಲ್ಲಿ ಒತ್ತಿ ಬಗ್ಗಿಸಿ ನೋಡುವರು, ಹೆಣ್ಣು ನೋಡಲು ಬಂದವರಿಗಿಂತ ಹೆಚ್ಚು ಗಂಭೀರವಾಗಿ. ಇಪ್ಪತ್ತು ಕಡ್ಡಿಯಲ್ಲಿ ಮೂರು ಪಾಸಾದರೆ ಹೆಚ್ಚು. ಉಳಿದವು ಅವರೆಬಳ್ಳಿಗೆ ಆಸರೆಯಾಗಿ ಹೋಗುತ್ತಿದ್ದವು.

"ನೇರಕ್ಕಿದ್ರೆ ಸಾಲ್ದಾ ಮಾವ?" ಎಂದು ಒಮ್ಮೆ ಕೇಳಿದ್ದೆ.

"ಲೇ ಅಳಿಯಾ, ಅಂಬು ಬಿಲ್ಲಿನ್ ನಡುವ್ಗೆ ಕೂತದೇನ್ಲಾ? ಪಕ್ಕದಾಗೆ ಕೂತದೆ. ಒಂಟಾಗ ಒಸಿ ಬಳ್ಕಿ ಬಿಲ್ನ ಸುತ್ಕಂಡ್ ಓಗ್ಬೇಕು. ಗಡುಸಾದ್ರೆ ಎಡಕ್ಕೆ ಓಯ್ತದೆ, ಮೆತ್ಗಾದ್ರೆ ಬಲಕ್ಕೆ. ಈ ಬಿಲ್ಗೆ ಎಷ್ಟ್ ಬಗ್ಬೇಕೋ ಅಷ್ಟೇ ಬಗ್ಬೇಕು."

ತೂಕದ ವಿಚಾರವೂ ಹಾಗೆಯೇ. ಅಂಬು ತೀರ ಹಗುರಾದರೆ ಬಿಲ್ಲಿನ ಬಲವೆಲ್ಲ ಬಿಲ್ಲಿಗೇ ವಾಪಸ್ ಬಂದು ಅದು ಕೈಯಲ್ಲೇ ಒದೆಯುತ್ತದೆ. ಭಾರವಾದರೆ ಕಾಲ ಮುಂದೆ ಬೀಳುತ್ತದೆ. ಒಂದು ಬೆರಳು ಗಿಡ್ಡ ಮಾಡಿದರೆ ಕಡ್ಡಿ ಗಡುಸಾಗುತ್ತದೆ, ಮೊನೆ ಭಾರ ಮಾಡಿದರೆ ಮೆತ್ತಗಾಗುತ್ತದೆ. ಶಾಲೆಯ ಮುಖ ಕಾಣದ ಮಾವನಿಗೆ ಈ ಲೆಕ್ಕವೆಲ್ಲ ಹೆಬ್ಬೆರಳಿನಲ್ಲಿತ್ತು. ನನಗೆ ಲೇತಿನ ಮುಂದೆ ಕೂತು ಎಲ್ಲವನ್ನೂ ಗುಂಡಗೆ, ನುಣ್ಣಗೆ ಮಾಡುವುದಷ್ಟೇ ಗೊತ್ತಿತ್ತು. ಜೊತೆಗೆ, ಕೈಕಸುಬು ಬಲ್ಲವನೆಂಬ ಜಂಬ ಬೇರೆ. ಆ ಜಂಬದ ಬಗ್ಗೆ ನಿಮ್ಮಲ್ಲಿ ಯಾರಿಗಾದರೂ ಅನುಭವವಿದ್ದರೆ ಮುಂದಿನದನ್ನು ಹೇಳಬೇಕಾದ್ದೇ ಇಲ್ಲ.

ಹನ್ನೆರಡು ವರ್ಷದ ಹಿಂದಿನ ಮಾತು. ಮಾವನಿಗೆ ಅರವತ್ತು ತುಂಬಿದ ಆ ವರ್ಷ ನಾನೊಂದು ಉಡುಗೊರೆ ಕೊಡಬೇಕೆಂದು ಹೊರಟೆ. ಬೊಂಬೆ ಮಾಡುವ ಆಲೆಮರದಲ್ಲೇ ಐದು ಅಂಬು ಕಡೆದೆ. ಒಂದರಂತೆ ಇನ್ನೊಂದು, ದಪ್ಪದಲ್ಲಿ ದಾರದಷ್ಟೂ ವ್ಯತ್ಯಾಸವಿಲ್ಲ. ಬೆಳ್ಳಿ ಅಂಗಡಿಯ ಗೆಳೆಯನ ತಕ್ಕಡಿಯಲ್ಲಿಟ್ಟು ಐದೂ ಒಂದೇ ತೂಕ ಬರುವ ತನಕ ಉಜ್ಜಿದೆ. ಕೆಂಪು ಅರಗು ಹಚ್ಚಿ, ಹಳದಿ ಪಟ್ಟೆ ಎಳೆದು, ತಾಳೆಗರಿಯಲ್ಲಿ ತೀಡಿ ಮಿರಮಿರ ಮಿಂಚಿಸಿದೆ. ತೂಕ ಒಂದೇ ಆದ ಮಾತ್ರಕ್ಕೆ ಬಾಗು ಒಂದೇ ಆಗುವುದಿಲ್ಲ ಎಂಬುದು ತಲೆಗೆ ಹೊಳೆಯಲೇ ಇಲ್ಲ. ಬಿದಿರಿನ ನಾರು ತುದಿಯಿಂದ ಬುಡದವರೆಗೆ ತಾನಾಗಿ ಓಡಿರುತ್ತದೆ. ಲೇತಿನ ಉಳಿಯಾದರೋ ನಾರು ಯಾವ ಕಡೆ ಓಡಿದೆ ಎಂದು ಕೇಳುವುದಿಲ್ಲ, ಅಡ್ಡಕ್ಕೂ ಕೊಯ್ಯುತ್ತದೆ. ಎಲ್ಲಿ ಕೊಯ್ದಿದೆ ಎಂಬುದು ಅರಗಿನ ಕೆಳಗೆ ಮುಚ್ಚಿಹೋಗಿರುತ್ತದೆ.

ಹಬ್ಬದ ಬೆಳಿಗ್ಗೆ ಅಂಬುಗಳನ್ನು ಬಿಚ್ಚಿ ಕೊಟ್ಟಾಗ ಮಾವ ಅವನ್ನು ಮಗುವಿನಂತೆ ಎತ್ತಿಕೊಂಡರು. ಅತ್ತೆಯನ್ನು ಕರೆದು ತೋರಿಸಿದರು, ಪಕ್ಕದ ಮನೆಯವರನ್ನೂ ಕರೆದರು. ಆಮೇಲೆ ಅಭ್ಯಾಸಬಲದಿಂದ ಒಂದರ ಎರಡೂ ತುದಿ ಹಿಡಿದು ಹೆಬ್ಬೆರಳು ಇಟ್ಟರು.

"ಬಗ್ಗಿಸ್ಬೇಡಿ ಮಾವ, ಅರಗು ಬಿರುಕು ಬಿಡುತ್ತೆ" ಎಂದೆ.

"ಮತ್ತೆ ನೋಡೋದೆಂಗ್ಲಾ?"

"ಬಣ್ಣ ಹಚ್ಚೋಕೆ ಮುಂಚೆ ನಾನೇ ಐದನ್ನೂ ಬಗ್ಗಿಸಿ ನೋಡಿದೀನಿ."

ನೋಡಿರಲಿಲ್ಲ. ಒಂದನ್ನೂ ನೋಡಿರಲಿಲ್ಲ. ಆ ಸುಳ್ಳಿಗೆ ದೊಡ್ಡ ಕಾರಣವೇನೂ ಇರಲಿಲ್ಲ. ವಾರಗಟ್ಟಲೆ ತೀಡಿದ ಬಣ್ಣ ಕೆಡಬಾರದು, ಅಷ್ಟೇ. ಮಾವ ಬೆರಳು ತೆಗೆದುಬಿಟ್ಟರು. "ನೀನ್ ನೋಡಿದ್ಮೇಕೆ ಇನ್ನೇನು" ಎಂದು ಅಂಬನ್ನು ದೇವರ ಮುಂದೆ ಇಟ್ಟರು.

ಸಂಜೆ ಬನ್ನಿಮರದ ಹತ್ತಿರ ಊರೇ ನೆರೆದಿತ್ತು. ಮಾವ ಹೆದೆಯನ್ನು ಕೆನ್ನೆಯವರೆಗೆ ಎಳೆದು ಬಿಟ್ಟರು. ಒಣ ಸೌದೆ ಮುರಿದಂತೆ ಸದ್ದಾಯಿತು. ಬಾಳೆಕಂಬ ಹಾಗೇ ನಿಂತಿತ್ತು. ಅಂಬು ಬಿಲ್ಲಿನ ಹತ್ತಿರವೇ ಮುರಿದು, ಅದರ ಹಿಂದಿನ ಅರ್ಧ ಮಾವನ ಎಡಗೈಯ ಹೆಬ್ಬೆರಳ ಬುಡದಲ್ಲಿ ಹೊಕ್ಕು ಅಂಗೈಯಲ್ಲಿ ಹೊರಬಂದಿತ್ತು. ಯಾವುದು ರಕ್ತ ಯಾವುದು ಅರಗು ಎಂದು ತಿಳಿಯುತ್ತಿರಲಿಲ್ಲ. ಆ ವರ್ಷ ಬಾಳೆಕಂಬವನ್ನು ಯಾರೋ ಮಚ್ಚಿನಲ್ಲಿ ಕಡಿದರು. ಈಗಲೂ ಮಚ್ಚಿನಲ್ಲೇ ಕಡಿಯುತ್ತಾರೆ.

ಆಸ್ಪತ್ರೆಯಲ್ಲಿ ಚೂರುಗಳನ್ನು ತೆಗೆದು ಹೊಲಿಗೆ ಹಾಕಿದರು. ಗಾಯ ಮಾಯಿತು, ಆದರೆ ಆ ಕೈಯ ಬೆರಳುಗಳು ಮತ್ತೆ ಪೂರ್ತಿ ಮಡಚಲಿಲ್ಲ. ಕುರಿಯನ್ನು ಎಡಗೈಯಲ್ಲಿ ಅದುಮಿ ಹಿಡಿಯಲಾಗದವನು ಉಣ್ಣೆ ಕತ್ತರಿಸುವುದು ಹೇಗೆ? ಅರ್ಧ ಮಂದೆ ಮಾರಿಬಿಟ್ಟರು. ನನ್ನನ್ನು ಒಂದು ಮಾತು ಅನ್ನಲಿಲ್ಲ. ಊರವರು ಯಾರಾದರೂ ನನ್ನ ಕಡೆ ಬೆರಳು ತೋರಿಸಿದರೆ ಮಾವನೇ ಅಡ್ಡ ಬರುತ್ತಿದ್ದರು. "ಅವುಂದೇನೂ ತೆಪ್ಪಿಲ್ಲ. ಐದ್ನೂ ಬಗ್ಸಿ ನೋಡ್ದ ಕಣ್ರಯ್ಯ" ಎನ್ನುತ್ತಿದ್ದರು. ನನ್ನ ಸುಳ್ಳನ್ನು ಅವರು ನನಗೇ ಕೊಡೆಯಾಗಿ ಹಿಡಿದಿದ್ದರು. ನಾನು ಅದರ ಕೆಳಗೆ ತಲೆತಗ್ಗಿಸಿ ನಿಂತಿದ್ದೆ.

ಅದೇ ವರ್ಷ ದೀಪಾವಳಿಗೆ ಹೋದಾಗ ಮಾವನ ಕೈಗೆ ಇನ್ನೂ ಬ್ಯಾಂಡೇಜು ಇತ್ತು. ಜಗಲಿಯ ಮೇಲೆ ಬಿಲ್ಲನ್ನು ತೊಡೆಗೆ ಅಡ್ಡ ಇಟ್ಟುಕೊಂಡು ಕೂತಿದ್ದರು. "ದಿಟ ಯೋಳು ಅಳಿಯಾ. ಬಗ್ಸಿ ನೋಡಿದ್ದೆ ತಾನೆ?" ಎಂದರು. ದನಿಯಲ್ಲಿ ಅನುಮಾನವಿರಲಿಲ್ಲ, ಬೇಡಿಕೆಯಂಥದ್ದೇನೋ ಇತ್ತು. ಅತ್ತೆ, ಅಕ್ಕಪಕ್ಕದವರು ಎಲ್ಲ ಇದ್ದರು. "ಹೂಂ ಮಾವ" ಎಂದೆ. ಅವರು ಬಿಲ್ಲನ್ನು ಒಮ್ಮೆ ಮೇಲಿಂದ ಕೆಳಗೆ ಸವರಿ, "ಅಂಗಾರೆ ಇದೇ ಕೆಟ್ಟದೆ" ಎಂದರು. ಹಿಡಿದವನ ಕೈಯನ್ನೇ ತಿನ್ನುವ ಬಿಲ್ಲನ್ನು ಮನೆಯಲ್ಲಿ ಇಡಬಾರದು ಎಂಬುದು ಆ ಮನೆಯ ನಂಬಿಕೆ. ಮರುದಿನ ಬೆಳಿಗ್ಗೆ ಅದನ್ನು ಬಚ್ಚಲಿನ ಹಂಡೆಯ ಒಲೆಗೆ ಇಟ್ಟರಂತೆ. ಅಷ್ಟು ಹೊತ್ತಿಗೆ ನಾನು ಚನ್ನಪಟ್ಟಣದ ಬಸ್ಸಿನಲ್ಲಿದ್ದೆ.

ಹನ್ನೆರಡು ವರ್ಷ ನಾನು ಮಾವನ ಕೈಯನ್ನಷ್ಟೇ ನೆನೆದು ಕೊರಗಿದ್ದೇನೆ. ಔಷಧಿ ಎಣ್ಣೆ ತಂದುಕೊಟ್ಟೆ, ರಾಮನಗರದ ಡಾಕ್ಟರಿಗೆ ತೋರಿಸಿದೆ, ಹಬ್ಬಕ್ಕೆ ಪಂಚೆ ಕೊಟ್ಟೆ. ನಿಜ ಒಂದನ್ನು ಬಿಟ್ಟು ಎಲ್ಲವನ್ನೂ ಕೊಟ್ಟೆ. ಟೀಚರಮ್ಮ ಬಂದುಹೋದ ಮೇಲೆ ಮಾತ್ರ ಇನ್ನು ತಡೆಯಲಾಗಲಿಲ್ಲ. ಮೊನ್ನೆ ಭಾನುವಾರ ಮಾಗಡಿ ಬಸ್ಸು ಹತ್ತಿದೆ. ಹೇಳಿಬಿಟ್ಟರೆ ಎದೆ ಹಗುರಾಗುತ್ತದೆ, ಮಾವ ದೊಡ್ಡ ಮನಸ್ಸಿನವರು, ನಕ್ಕು ಬೆನ್ನು ತಟ್ಟುತ್ತಾರೆ ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ನೋಡಿ, ಆಗಲೂ ಯೋಚನೆಯೆಲ್ಲ ನನ್ನ ಎದೆಯದ್ದೇ.

ಮಾವ ಕೊಟ್ಟಿಗೆಯ ಮುಂದೆ ಬಿಸಿಲಿಗೆ ಕೂತಿದ್ದರು. ನಾನು ಪಕ್ಕದಲ್ಲಿ ಕೂತು, ಅವರ ಮುಖ ನೋಡದೆ, ಎಲ್ಲವನ್ನೂ ಹೇಳಿದೆ. ಬಗ್ಗಿಸಿ ನೋಡಿರಲಿಲ್ಲ, ಅವತ್ತೂ ಸುಳ್ಳು, ದೀಪಾವಳಿಯಲ್ಲೂ ಸುಳ್ಳು ಎಂದೆ.

ಮಾವ ಒಳಗಿದ್ದ ಅತ್ತೆಯನ್ನು ಕೂಗಿದರು. "ಕೇಳುಸ್ಕಂಡ್ಯೇನಮ್ಮಿ? ಬಿಲ್ಲಿಂದೇನೂ ತೆಪ್ಪಿರ್ನಿಲ್ವಂತೆ."

ಅತ್ತೆ ಬಾಗಿಲಿಗೆ ಬಂದರು. ಅವರಿಗೂ ಎಲ್ಲ ಕೇಳಿಸಿತ್ತು. "ಬುಡಿ ಅತ್ಲಾಗೆ, ಆಗಿದ್ದಾಗೋಯ್ತು. ಈಗ್ ಯಾಕೆ" ಎಂದರು.

ಮಾವ ನನ್ನ ಕಡೆ ತಿರುಗಿದರು. ಕಣ್ಣಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. "ಒಲೆಗಿಕ್ದಾಗ ಬಿಲ್ಲು ಬಗ್ ಅಂತ ಅತ್ಕತ್ತು ಕಣ್ಲಾ. ನಮ್ಮಪ್ಪ ವರ್ಸ ವರ್ಸ ಕುಡ್ಸಿದ್ ಎಣ್ಣೆಯೆಲ್ಲಾ ಒಳ್ಗೇ ಇತ್ತು. ಆ ನೀರ್ನಾಗೆ ನಾನ್ ಮಿಂದೆ."

ಕೈಯ ಮಾತನ್ನು ಅವರು ಎತ್ತಲೇ ಇಲ್ಲ. ನಾನು ಕ್ಷಮೆ ಕೇಳಲು ಹೋಗಿದ್ದು ಆ ಕೈಗಾಗಿ, ಮತ್ತು ಅದನ್ನು ಅವರು ಯಾವತ್ತೋ ಕ್ಷಮಿಸಿಯಾಗಿತ್ತು. ತಪ್ಪು ಮಾಡಿದ ಬಿಲ್ಲನ್ನು ಸುಟ್ಟೆ ಎಂಬ ಒಂದು ಸಮಾಧಾನ ಅವರಿಗಿತ್ತು. ಅದನ್ನೂ ನಾನು ಮೊನ್ನೆ ಕಿತ್ತುಕೊಂಡು ಬಂದೆ. ಹೇಳದೇ ಇದ್ದಿದ್ದರೆ ಒಳ್ಳೆಯದಿತ್ತೇ ಎಂದು ಈಗ ಲೇತಿನ ಮುಂದೆ ಕೂತು ಯೋಚಿಸುತ್ತೇನೆ.

ಅತ್ತೆ ಕೊಟ್ಟ ಕಾಫಿ ಕುಡಿದು ಎದ್ದೆ. "ಬತ್ತೀನಿ ಮಾವ" ಎಂದೆ. ನಾನು ಹೊರಟಾಗಲೆಲ್ಲ ಎರಡು ಮೈಲಿ ಜೊತೆಗೇ ನಡೆದು ಬಸ್ಸು ಹತ್ತಿಸಿ, ಕಿಟಕಿ ತಟ್ಟಿ, ಮತ್ತೆ ಯಾವಾಗ ಬರುತ್ತೀಯೆಂದು ಕೇಳುವವರು ಅವರು. ಅವತ್ತು ಕೊಟ್ಟಿಗೆಯ ಕಡೆ ಮುಖ ಮಾಡಿ ಕೂತೇ ಇದ್ದರು.